ಸೀಟಿ ಊದುವ ಮೊದಲು: ಶಾಲಾ ಫುಟ್‌ಬಾಲ್ ರೆಫ್ರಿಗಳಿಗೆ ಹೊಸ ನಿಯಮಗಳ ತಯಾರಿ

ಫುಟ್‌ಬಾಲ್ ನಿಯಮಗಳ ಪಾಲಿಗೆ ಜುಲೈ 1 ಅಂದರೆ ಯುಗಾದಿ. ಇಂಟರ್‌ನ್ಯಾಷನಲ್ ಫುಟ್‌ಬಾಲ್ ಅಸೋಸಿಯೇಷನ್ ಬೋರ್ಡ್ ಪ್ರತಿ ವರ್ಷ ಫೆಬ್ರುವರಿ ಕೊನೆಗೋ ಮಾರ್ಚ್ ಆರಂಭಕ್ಕೋ ಸಭೆ ಸೇರಿ ಒಪ್ಪಿದ ತಿದ್ದುಪಡಿಗಳು ಆ ದಿನದಿಂದ ಜಗತ್ತಿನ ಎಲ್ಲ ಮೈದಾನಗಳಿಗೂ ಲಾಗೂ ಆಗುತ್ತವೆ. ಲಂಡನ್ನಿನ ವೆಂಬ್ಲಿಗೆ ಯಾವ ನಿಯಮವೋ ಕುಡಚಿಯ ಹೈಸ್ಕೂಲ್ ಗ್ರೌಂಡಿಗೂ ಅದೇ. ನಮ್ಮ ಕಡೆ ಶಾಲೆ ಶುರುವಾಗಿ ತಿಂಗಳು ಕಳೆದು, ವಲಯ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳ ಪತ್ರಗಳು ಮುಖ್ಯ ಗುರುಗಳ ಮೇಜಿಗೆ ಬರುವ ಕಾಲವೂ ಅದೇ. ಹೊಸ ನಿಯಮವೂ ಹೊಸ ಹಂಗಾಮೂ ಒಟ್ಟಿಗೇ ಬಂದು ನಿಲ್ಲುತ್ತವೆ. ನಡುವೆ ಓದಲು, ಕಲಿಯಲು, ಕೈಗೆ ರೂಢಿ ಮಾಡಿಕೊಳ್ಳಲು ಸಿಗುವ ಸಮಯ ಬಹಳ ಕಡಿಮೆ.

ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ತಾಲ್ಲೂಕುಗಳ ಶಾಲಾ ಪಂದ್ಯಗಳಲ್ಲಿ ಸೀಟಿ ಹಿಡಿಯುವವರು ವೃತ್ತಿಪರ ರೆಫ್ರಿಗಳಲ್ಲ, ದೈಹಿಕ ಶಿಕ್ಷಕರು. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುವವರು, ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಶಿಸ್ತು ಕಾಯುವವರು, ಸಂಜೆ ಕಬಡ್ಡಿ, ಖೋಖೋ, ವಾಲಿಬಾಲ್ ತಂಡ ಕಟ್ಟುವವರು ಎಲ್ಲ ಅವರೇ. ಫುಟ್‌ಬಾಲ್ ಅವರ ಹತ್ತು ಕೆಲಸಗಳಲ್ಲಿ ಒಂದು. ಇದನ್ನು ಕೊರತೆ ಎಂದು ನೋಡುವವರಿದ್ದಾರೆ. ನನಗೆ ಇದರಲ್ಲಿ ದೊಡ್ಡ ಅನುಕೂಲ ಕಾಣುತ್ತದೆ. ಪಂದ್ಯ ನಡೆಸುವವರೂ ಮಕ್ಕಳಿಗೆ ಆಟ ಕಲಿಸುವವರೂ ಒಬ್ಬರೇ ಆಗಿರುವುದರಿಂದ ಜೂನ್‌ನಲ್ಲಿ ಒಬ್ಬ ಶಿಕ್ಷಕರಿಗೆ ಹೊಸ ನಿಯಮ ಸರಿಯಾಗಿ ಮನದಟ್ಟಾದರೆ ಜುಲೈ ಹೊತ್ತಿಗೆ ಒಂದಿಡೀ ತಂಡಕ್ಕೆ ಅದು ಗೊತ್ತಿರುತ್ತದೆ. ಯಾರೂ ಹೇಳಿಕೊಡದ ನಿಯಮಕ್ಕೆ ಮಗುವನ್ನು ದಂಡಿಸುವುದು ಅನ್ಯಾಯ. ರೆಫ್ರಿಗಳ ತಯಾರಿ ಬೇಕಾಗಿರುವುದೇ ಈ ಕಾರಣಕ್ಕೆ.

ಗಡಿಯಾಚೆ ಕೊಲ್ಹಾಪುರ ಇದೆ. ಅಲ್ಲಿನ ತಾಲೀಮುಗಳು ಕುಸ್ತಿಯ ಜೊತೆಗೆ ಫುಟ್‌ಬಾಲ್ ತಂಡಗಳನ್ನೂ ಸಾಕಿವೆ. ರಾಜರ್ಷಿ ಶಾಹೂ ಸ್ಟೇಡಿಯಂನಲ್ಲಿ ಪಾಟಾಕಡೀಲ ತಾಲೀಮಿನ ಪಂದ್ಯವಿದ್ದರೆ ಪೇಟೆಗೆ ಪೇಟೆಯೇ ಅಲ್ಲಿಗೆ ನಡೆಯುತ್ತದೆ. 2017ರಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆಡಿದ ಅನಿಕೇತ್ ಜಾಧವ್ ಕೊಲ್ಹಾಪುರದವರು. ಆ ಊರಿನ ಗಾಳಿ ನಿಪ್ಪಾಣಿಗೂ ಬೀಸುತ್ತದೆ, ಕಾಗವಾಡಕ್ಕೂ ಬೀಸುತ್ತದೆ. ಮೊಬೈಲಿನಲ್ಲಿ ಯುರೋಪಿನ ಲೀಗ್ ನೋಡುವ ಹುಡುಗರು ಈಗ ಹಳ್ಳಿ ಹಳ್ಳಿಯಲ್ಲಿದ್ದಾರೆ. ಅವರಿಗೆ ಹೊಸ ನಿಯಮ ಟಿವಿಯಿಂದ ಗೊತ್ತಾಗಿ ರೆಫ್ರಿಗೆ ಗೊತ್ತಿಲ್ಲದಿದ್ದರೆ ಗ್ರೌಂಡಿನಲ್ಲಿ ಮರ್ಯಾದೆ ಉಳಿಯುವುದು ಕಷ್ಟ.

2025ರ ಜುಲೈ 1ರಿಂದ ಜಾರಿಗೆ ಬಂದ ಬದಲಾವಣೆಗಳು ದೊಡ್ಡವು. ಅವುಗಳಲ್ಲಿ ನಮ್ಮ ಶಾಲಾ ಮೈದಾನಕ್ಕೆ ಸಂಬಂಧಪಟ್ಟವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಮುಂದಿನ ಜುಲೈಗಳಲ್ಲಿ ಇವಕ್ಕೆ ಇನ್ನಷ್ಟು ಸೇರುತ್ತವೆ. ಇವು ಅರ್ಥವಾಗಿರದಿದ್ದರೆ ಅವೂ ಅರ್ಥವಾಗುವುದಿಲ್ಲ.

ಎಂಟು ಸೆಕೆಂಡು, ಆಮೇಲೆ ಕಾರ್ನರ್

ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಆರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ನಿಯಮ ಹಿಂದಿನಿಂದಲೂ ಇತ್ತು. ಮೀರಿದರೆ ಎದುರಾಳಿಗೆ ಪೆನಾಲ್ಟಿ ಜಾಗದೊಳಗೇ ಇನ್‌ಡೈರೆಕ್ಟ್ ಫ್ರೀ ಕಿಕ್. ಗೋಲಿನ ಮುಂದೆ ಇಪ್ಪತ್ತು ಮಂದಿ ಗುಂಪುಗಟ್ಟುವ ಆ ಫ್ರೀ ಕಿಕ್ ನಡೆಸುವುದೇ ತಲೆನೋವು. ಆದ್ದರಿಂದ ದೊಡ್ಡ ದೊಡ್ಡ ರೆಫ್ರಿಗಳೂ ಆ ನಿಯಮವನ್ನು ಕಂಡೂ ಕಾಣದಂತೆ ಬಿಡುತ್ತಿದ್ದರು. 2025ರ ಮಾರ್ಚ್ 1ರಂದು ಬೆಲ್‌ಫಾಸ್ಟ್‌ನಲ್ಲಿ ಸೇರಿದ ಬೋರ್ಡಿನ 139ನೆಯ ವಾರ್ಷಿಕ ಸಭೆ ಇದನ್ನು ಬದಲಿಸಿತು. ಸಮಯ ಎಂಟು ಸೆಕೆಂಡಿಗೆ ಏರಿತು, ದಂಡ ಕಾರ್ನರ್ ಕಿಕ್ ಆಯಿತು. ಅದೇ ಜೂನ್‌ನಲ್ಲಿ ಅಮೆರಿಕದಲ್ಲಿ ಶುರುವಾದ ಕ್ಲಬ್ ವಿಶ್ವಕಪ್‌ನಲ್ಲೇ ಇದನ್ನು ಜಾರಿ ಮಾಡಿದರು.

ಇದು ಒಳ್ಳೆಯ ಬದಲಾವಣೆ. ಸಮಯ ಎರಡು ಸೆಕೆಂಡು ಸಡಿಲವಾಗಿದೆ, ದಂಡ ನ್ಯಾಯವಾಗಿದೆ, ರೆಫ್ರಿಗೆ ಕೊಡಲು ಧೈರ್ಯ ಬರುವಂತಿದೆ. ಆದರೆ ಇಲ್ಲಿ ಮೂರು ಕಡೆ ಎಡವುವ ಸಂಭವವಿದೆ.

ಮೊದಲನೆಯದು, ಎಣಿಕೆ ಯಾವಾಗ ಶುರು ಎಂಬುದು. ಚೆಂಡು ಕೀಪರಿನ ಕೈಗೆ ತಾಗಿದ ಕ್ಷಣದಿಂದಲ್ಲ. ಚೆಂಡು ಪೂರ್ತಿ ಅವನ ಹಿಡಿತಕ್ಕೆ ಬಂದಿರಬೇಕು, ಎದುರಾಳಿ ಅಡ್ಡ ಬರುತ್ತಿರಬಾರದು. ಮಳೆಗಾಲದಲ್ಲಿ ನಮ್ಮ ಕರಿಮಣ್ಣಿನ ಗ್ರೌಂಡಿನಲ್ಲಿ ಕೀಪರ್ ಹಾರಿ ಚೆಂಡು ಹಿಡಿದು ರಾಡಿಯಲ್ಲಿ ಬಿದ್ದಿರುತ್ತಾನೆ. ಎಣಿಕೆಯನ್ನು ಯಾವ ಕ್ಷಣದಿಂದ ಆರಂಭಿಸಬೇಕು ಎಂದು ತೀರ್ಮಾನಿಸುವವನು ರೆಫ್ರಿ. ಆ ತೀರ್ಮಾನ ಎರಡೂ ಕಡೆಯ ಕೀಪರ್‌ಗಳಿಗೆ ಒಂದೇ ರೀತಿ ಇರಬೇಕು, ಅಷ್ಟೇ. ಚೆಂಡನ್ನು ನೆಲಕ್ಕೆ ಪುಟಿಸುತ್ತಿದ್ದರೂ, ಮೇಲಕ್ಕೆ ಎಸೆದು ಹಿಡಿಯುತ್ತಿದ್ದರೂ, ಬಿಚ್ಚಿದ ಅಂಗೈ ಮೇಲೆ ಇಟ್ಟುಕೊಂಡಿದ್ದರೂ ಅದು ಅವನ ಹಿಡಿತದಲ್ಲಿದೆ ಎಂದೇ ಲೆಕ್ಕ. ಪುಟಿಸಿದರೆ ಎಣಿಕೆ ಮತ್ತೆ ಮೊದಲಿನಿಂದ ಎಂಬ ನಂಬಿಕೆ ಹುಡುಗರಲ್ಲಿ ಗಟ್ಟಿಯಾಗಿದೆ. ಅದನ್ನು ಅಭ್ಯಾಸದಲ್ಲೇ ತಿದ್ದಬೇಕು.

ಎರಡನೆಯದು, ಎಣಿಕೆ ಎಲ್ಲರಿಗೂ ಕಾಣಬೇಕು. ಮೊದಲ ಮೂರು ಸೆಕೆಂಡು ಮನಸ್ಸಿನಲ್ಲಿ. ಕೊನೆಯ ಐದಕ್ಕೆ ಕೈಯನ್ನು ತಲೆಗಿಂತ ಮೇಲೆತ್ತಿ ಐದೂ ಬೆರಳು ಬಿಚ್ಚಿ, ಒಂದೊಂದಾಗಿ ಮಡಚಬೇಕು. ಕೇಳಲು ಸುಲಭ, ಆದರೆ ಓಡುತ್ತ, ಹಿಂದೆ ಸರಿಯುತ್ತ, ಮುಂದಿನ ಚೆಂಡು ಎಲ್ಲಿ ಬೀಳಬಹುದು ಎಂದು ಕಣ್ಣಾಡಿಸುತ್ತ ಇದನ್ನು ಮಾಡುವಾಗ ಹೆಚ್ಚಿನವರ ಬೆರಳು ಸೆಕೆಂಡಿಗಿಂತ ಬೇಗ ಮಡಚಿಕೊಳ್ಳುತ್ತವೆ. ಇಬ್ಬಿಬ್ಬರು ಶಿಕ್ಷಕರು ಜೊತೆಯಾಗಿ, ಒಬ್ಬರು ಸ್ಟಾಪ್‌ವಾಚ್ ಹಿಡಿದು ಇನ್ನೊಬ್ಬರ ಎಣಿಕೆ ನೋಡಲಿ. ಮೊದಲ ಸಲ ಯಾರದೂ ಎಂಟಕ್ಕೆ ಸರಿಯಾಗಿ ನಿಲ್ಲುವುದಿಲ್ಲ. ನಡೆಯುತ್ತ ಮಾಡಿ, ಆಮೇಲೆ ಓಡುತ್ತ ಮಾಡಿ. ಅರ್ಧ ಗಂಟೆಯಲ್ಲಿ ಕೈ ಪಳಗುತ್ತದೆ.

ಮೂರನೆಯದು ಕಾರ್ನರ್ ಯಾವ ಕಡೆಯಿಂದ ಎಂಬುದು. ಕೀಪರ್ ತಪ್ಪು ಮಾಡಿದಾಗ ನಿಂತಿದ್ದ ಜಾಗಕ್ಕೆ ಹತ್ತಿರದ ಮೂಲೆಯಿಂದ. ದಾಳಿ ಮಾಡುವ ತಂಡ ತನಗೆ ಬೇಕಾದ ಮೂಲೆ ಆರಿಸುವಂತಿಲ್ಲ. ಎಣಿಸುತ್ತಿರುವಾಗ ಎದುರಾಳಿ ಆಟಗಾರ ಕೀಪರಿನ ಮುಂದೆ ನಿಂತು ಚೆಂಡು ಬಿಡಲು ಅಡ್ಡಿ ಮಾಡಿದರೆ ದಂಡ ತಿರುಗಿ ಅವನ ತಂಡದ ಮೇಲೆಯೇ ಬೀಳುತ್ತದೆ, ಕೀಪರಿನ ಕಡೆಗೆ ಇನ್‌ಡೈರೆಕ್ಟ್ ಫ್ರೀ ಕಿಕ್.

ಹದಿನಾಲ್ಕು ವರ್ಷದೊಳಗಿನ ಮಕ್ಕಳ ಪಂದ್ಯದಲ್ಲಿ ಮೊದಲ ಸಲ ಕೈ ಎತ್ತುವಾಗ "ಬಿಡಪಾ ಚೆಂಡು" ಎಂದು ಒಂದು ಮಾತು ಜೋರಾಗಿ ಹೇಳಿದರೆ ತಪ್ಪೇನಿಲ್ಲ. ಬೆರಳು ಎಣಿಸುವುದೇ ಎಚ್ಚರಿಕೆ. ಅದಕ್ಕೆ ದನಿ ಸೇರಿಸಿದರೆ ಮಗು ಬೇಗ ಅರ್ಥಮಾಡಿಕೊಳ್ಳುತ್ತದೆ. ಆದರೆ ಐದೂ ಬೆರಳು ಮಡಚಿದ ಮೇಲೆ ಕಾರ್ನರ್ ಕೊಡಲೇಬೇಕು. ಎಣಿಸಿ ಸುಮ್ಮನಾದರೆ ಆ ಎಣಿಕೆಗೆ ಮುಂದೆ ಯಾರೂ ಬೆಲೆ ಕೊಡುವುದಿಲ್ಲ.

ಡ್ರಾಪ್ ಬಾಲ್ ಯಾರಿಗೆ?

ನಮ್ಮ ಗ್ರೌಂಡುಗಳಿಗೆ ಕಾಂಪೌಂಡ್ ಇಲ್ಲ, ಇದ್ದರೂ ಒಂದು ಕಡೆ ಒಡೆದಿರುತ್ತದೆ. ನಾಯಿ ಓಡಿಬರುತ್ತದೆ, ಎಮ್ಮೆ ಅಡ್ಡ ಹಾಯುತ್ತದೆ, ಪಕ್ಕದಲ್ಲೇ ನಡೆಯುವ ವಾಲಿಬಾಲ್ ಪಂದ್ಯದ ಚೆಂಡು ಉರುಳಿ ಬರುತ್ತದೆ, ತಲೆಗೆ ಪೆಟ್ಟು ಬಿದ್ದ ಹುಡುಗನಿಗಾಗಿ ಆಟ ನಿಲ್ಲಿಸಬೇಕಾಗುತ್ತದೆ. ಹೀಗಾಗಿ ಡ್ರಾಪ್ ಬಾಲ್ ನಿಯಮ ದೊಡ್ಡ ಸ್ಟೇಡಿಯಂಗಳಿಗಿಂತ ನಮಗೇ ಹೆಚ್ಚು ಬೇಕು.

ಹಿಂದೆ ಪೆನಾಲ್ಟಿ ಜಾಗದ ಹೊರಗೆ ಚೆಂಡನ್ನು ಕೊನೆಯದಾಗಿ ಯಾರು ಮುಟ್ಟಿದ್ದರೋ ಆ ತಂಡಕ್ಕೆ ಕೊಡುತ್ತಿದ್ದೆವು. ಈಗ ಚೆಂಡು ಯಾರ ಬಳಿ ಇತ್ತು, ಅಥವಾ ಆಟ ನಿಲ್ಲದಿದ್ದರೆ ಯಾರಿಗೆ ಸಿಗುತ್ತಿತ್ತು ಎಂದು ನೋಡಬೇಕು. ಹಸಿರು ತಂಡದ ಹುಡುಗ ಒದ್ದ ಚೆಂಡು ನೇರವಾಗಿ, ಸುತ್ತ ಯಾರೂ ಇಲ್ಲದ ನೀಲಿ ತಂಡದ ಹುಡುಗನ ಕಡೆಗೆ ಹೋಗುತ್ತಿತ್ತು. ಅಷ್ಟರಲ್ಲಿ ನಾಯಿ ಒಳಬಂದು ನೀವು ಸೀಟಿ ಊದಿದಿರಿ ಎನ್ನಿ. ಮೊದಲಾಗಿದ್ದರೆ ಚೆಂಡು ಹಸಿರಿಗೆ ಹೋಗುತ್ತಿತ್ತು. ಈಗ ನೀಲಿಗೆ. ಅದು ಸ್ಪಷ್ಟವಾಗಿ ಕಾಣದಿದ್ದರೆ ಮಾತ್ರ ಹಳೆಯ ಲೆಕ್ಕ, ಕೊನೆಯಲ್ಲಿ ಮುಟ್ಟಿದವರಿಗೆ. ಆಟ ನಿಂತಾಗ ಚೆಂಡು ಪೆನಾಲ್ಟಿ ಜಾಗದ ಒಳಗಿದ್ದರೆ ಯಾವ ಚರ್ಚೆಯೂ ಇಲ್ಲ, ಆ ಕಡೆಯ ಗೋಲ್‌ಕೀಪರಿಗೇ. ಉಳಿದವರೆಲ್ಲ ನಾಲ್ಕು ಮೀಟರ್ ದೂರ. ಚೆಂಡು ನೆಲ ಮುಟ್ಟಿದ ಮೇಲೆ ಆಟ ಶುರು.

ಇದರ ಪಕ್ಕದಲ್ಲೇ ಇನ್ನೊಂದು ಬದಲಾವಣೆ ಇದೆ, ನಮ್ಮ ಪಂದ್ಯಗಳಲ್ಲಿ ದಿನಾಲೂ ನಡೆಯುವಂಥದ್ದು. ಬದಲಿ ಆಟಗಾರನೋ ತಂಡದ ಜೊತೆ ಬಂದ ಶಿಕ್ಷಕರೋ ಗೆರೆಯ ಬಳಿ ನಿಂತು, ಹೊರಗೆ ಹೋಗುತ್ತಿರುವ ಚೆಂಡನ್ನು ಅದು ಗೆರೆ ದಾಟುವ ಮೊದಲೇ ಕಾಲಿನಿಂದ ತಡೆದುಬಿಡುತ್ತಾರೆ. ಕೆಟ್ಟ ಉದ್ದೇಶ ಇರುವುದಿಲ್ಲ, ಚೆಂಡು ಕಬ್ಬಿನ ಗದ್ದೆಗೆ ಹೋಗದಿರಲಿ ಎಂಬ ಅವಸರ ಅಷ್ಟೇ. ಇಂಥ ಕಡೆ ಈಗ ಇನ್‌ಡೈರೆಕ್ಟ್ ಫ್ರೀ ಕಿಕ್ ಮಾತ್ರ, ಕಾರ್ಡ್ ಇಲ್ಲ. ಬೇಕೆಂದೇ ಆಟ ಕೆಡಿಸಲು ಮುಟ್ಟಿದರೆ ಹಿಂದಿನಂತೆ ಡೈರೆಕ್ಟ್ ಫ್ರೀ ಕಿಕ್ ಅಥವಾ ಪೆನಾಲ್ಟಿ, ಜೊತೆಗೆ ಕಾರ್ಡ್. ಅದೇ ಕೆಲಸವನ್ನು ನೋಡಲು ಬಂದ ಊರಿನವರೊಬ್ಬರು ಮಾಡಿದರೆ? ಅವರು ಯಾವ ತಂಡಕ್ಕೂ ಸೇರಿದವರಲ್ಲ, ಹಾಗಾಗಿ ಡ್ರಾಪ್ ಬಾಲ್. ಅಂದಮೇಲೆ ಗೆರೆಯ ಬಳಿ ನಿಂತವರಲ್ಲಿ ಯಾರು ತಂಡದವರು, ಯಾರು ಪ್ರೇಕ್ಷಕರು ಎಂದು ರೆಫ್ರಿಗೆ ಮೊದಲೇ ಗೊತ್ತಿರಬೇಕು. ಪಂದ್ಯಕ್ಕೆ ಮುಂಚೆ ಬದಲಿ ಆಟಗಾರರನ್ನೂ ಶಿಕ್ಷಕರನ್ನೂ ಒಂದೇ ಕಡೆ ಕೂರಿಸಿ, ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ.

"ಸರ್, ಸರ್" ಎಂದು ಮುತ್ತುವ ಮಕ್ಕಳು

ರೆಫ್ರಿ ಹತ್ತಿರ ಮಾತಾಡುವ ಹಕ್ಕು ನಾಯಕನಿಗೆ ಮಾತ್ರ ಎಂಬ ಪದ್ಧತಿಗೆ ಈಗ ನಿಯಮಪುಸ್ತಕದಲ್ಲೇ ಮಾರ್ಗಸೂಚಿ ಬಂದಿದೆ. ಅದನ್ನು ಬಳಸಬೇಕೋ ಬೇಡವೋ ಎಂಬುದು ಪಂದ್ಯಾವಳಿ ನಡೆಸುವವರಿಗೆ ಬಿಟ್ಟದ್ದು. ನನ್ನ ಮಾತು ಕೇಳುವುದಾದರೆ, ಶಾಲಾ ಪಂದ್ಯಗಳಲ್ಲಿ ಇದನ್ನು ಕಡ್ಡಾಯ ಮಾಡಲೇಬೇಕು.

ನಮ್ಮಲ್ಲಿ ರೆಫ್ರಿ ಬರೀ ರೆಫ್ರಿಯಲ್ಲ, ಸರ್. ಒಂದು ಫೌಲ್ ಕೊಟ್ಟರೆ ಏಳೆಂಟು ಮಕ್ಕಳು "ಸರ್, ಹಿಂಗ್ಯಾಕ್ರಿ, ನಾ ಮುಟ್ಟೇ ಇಲ್ರಿ" ಎನ್ನುತ್ತ ಮುತ್ತಿಕೊಳ್ಳುತ್ತಾರೆ. ಅದು ಜಗಳವಲ್ಲ, ಕ್ಲಾಸಿನಲ್ಲಿ ಸರ್‌ಗೆ ದೂರು ಹೇಳುವ ರೂಢಿಯೇ ಗ್ರೌಂಡಿಗೂ ಬಂದಿರುತ್ತದೆ. ಹೊರಗಡೆಯಿಂದ ಅವರ ಶಾಲೆಯ ಶಿಕ್ಷಕರು ದನಿ ಸೇರಿಸುತ್ತಾರೆ, ಪಾಲಕರು ಸೇರಿಸುತ್ತಾರೆ. ಆಟ ಐದು ನಿಮಿಷ ನಿಲ್ಲುತ್ತದೆ. ನಾಯಕ ಒಬ್ಬನೇ ಬರಲಿ, ಮರ್ಯಾದೆಯಿಂದ ಕೇಳಲಿ, ರೆಫ್ರಿ ಎರಡು ಮಾತಲ್ಲಿ ಕಾರಣ ಹೇಳಲಿ. ಉಳಿದವರು ಅವನಿಂದ ತಿಳಿದುಕೊಳ್ಳಲಿ. ಈ ವ್ಯವಸ್ಥೆಯಲ್ಲಿ ರೆಫ್ರಿಯ ಮೇಲೂ ಒಂದು ಹೊಣೆ ಬೀಳುತ್ತದೆ: ನಾಯಕ ಕೇಳಿದಾಗ ಉತ್ತರ ಕೊಡಬೇಕು, ಗದರಿಸಿ ಕಳಿಸಬಾರದು.

ಪ್ರತಿ ತಂಡಕ್ಕೂ ತೋಳಪಟ್ಟಿ ಕಟ್ಟಿದ ನಾಯಕ ಇರಲೇಬೇಕು ಎಂಬುದು 2024ರಿಂದ ನಿಯಮವಾಗಿದೆ. ತೋಳಪಟ್ಟಿ ಇಲ್ಲದ ಶಾಲೆಗೆ ಅಗಲವಾದ ಇಲಾಸ್ಟಿಕ್ ಪಟ್ಟಿ ಸಾಕು. ಕೀಪರೇ ನಾಯಕನಾಗಿದ್ದರೆ, ಅವನ ಪರವಾಗಿ ರೆಫ್ರಿ ಬಳಿ ಮಾತಾಡುವ ಇನ್ನೊಬ್ಬ ಆಟಗಾರನನ್ನು ಟಾಸ್ ಹೊತ್ತಿನಲ್ಲೇ ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ಕೀಪರ್ ಗೋಲು ಬಿಟ್ಟು ಅರ್ಧ ಮೈದಾನ ಓಡಿ ಬರುತ್ತಾನೆ.

ರಾಡಿಯಲ್ಲಿ ಪೆನಾಲ್ಟಿ

2025ರ ಮಾರ್ಚ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಮತ್ತು ರಿಯಲ್ ಮ್ಯಾಡ್ರಿಡ್ ನಡುವಿನ ಚಾಂಪಿಯನ್ಸ್ ಲೀಗ್ ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಅಟ್ಲೆಟಿಕೊದ ಹೂಲಿಯನ್ ಆಲ್ವಾರೆಜ್ ಒದೆಯುವಾಗ ನಿಂತ ಕಾಲು ಜಾರಿ, ಚೆಂಡು ಆ ಕಾಲಿಗೂ ತಾಗಿತೆಂದು ಗೋಲು ರದ್ದಾಯಿತು, ಅವನ ತಂಡ ಸೋತಿತು. ಜಗತ್ತಿಡೀ ಚರ್ಚೆಯಾದ ಮೇಲೆ ಬೋರ್ಡ್ ಸ್ಪಷ್ಟನೆ ಕೊಟ್ಟಿತು. ಅರಿಯದೆ ಎರಡೂ ಕಾಲು ಒಟ್ಟಿಗೆ ತಾಗಿದರೆ, ಅಥವಾ ಒದ್ದ ಕೂಡಲೇ ಚೆಂಡು ನಿಂತ ಕಾಲಿಗೆ ಬಡಿದು ಗೋಲಾದರೆ, ಕಿಕ್ ಮತ್ತೆ ಒದೆಯಬೇಕು. ಗೋಲಾಗದಿದ್ದರೆ ಪಂದ್ಯದ ನಡುವೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್, ಶೂಟೌಟ್‌ನಲ್ಲಾದರೆ ಆ ಕಿಕ್ ವ್ಯರ್ಥವಾದಂತೆ ಲೆಕ್ಕ. ಬೇಕೆಂದೇ ಎರಡು ಸಲ ಮುಟ್ಟಿದ್ದಕ್ಕೆ ಈ ರಿಯಾಯಿತಿ ಇಲ್ಲ.

ಮ್ಯಾಡ್ರಿಡ್‌ನ ಹುಲ್ಲಿನ ಮೇಲೆ ಜಾರುವುದು ಅಪರೂಪ. ಆಗಸ್ಟಿನಲ್ಲಿ ಕೃಷ್ಣಾ ತೀರದ ಕರಿಮಣ್ಣಿನ ಮೇಲೆ ಜಾರದೆ ಇರುವುದು ಅಪರೂಪ. ಹತ್ತು ಹುಡುಗರು ಒದ್ದ ಜಾಗದಲ್ಲಿ ಹನ್ನೊಂದನೆಯವನ ಕಾಲು ನಿಲ್ಲುವುದಿಲ್ಲ. ರೆಫ್ರಿ ನಿಲ್ಲುವ ಜಾಗ ಇಲ್ಲಿ ಮುಖ್ಯ: ಒದೆಯುವವನ ಎರಡೂ ಕಾಲು, ಚೆಂಡು ಮತ್ತು ಗೋಲಿನ ಗೆರೆ ಒಂದೇ ನೋಟಕ್ಕೆ ಸಿಗಬೇಕು. ಲೈನ್‌ಮನ್ ಗೋಲಿನ ಗೆರೆಯ ಬಳಿ ನಿಂತು, ಒದೆಯುವ ಕ್ಷಣದಲ್ಲಿ ಕೀಪರಿನ ಒಂದು ಕಾಲಾದರೂ ಗೆರೆಯ ಮೇಲೆ, ಗೆರೆಯ ನೇರಕ್ಕೆ ಅಥವಾ ಹಿಂದೆ ಇದೆಯೇ ಎಂದು ನೋಡಲಿ.

ಸುಣ್ಣದಿಂದ ಹಾಕಿದ ಪೆನಾಲ್ಟಿ ಗುರುತು ಒಂದು ಮಳೆಗೆ ತೊಳೆದುಹೋಗುತ್ತದೆ. ಕಣ್ಣಂದಾಜಿನಲ್ಲಿ ಚೆಂಡು ಇಡಬೇಡಿ. ಟೇಪು ಹಿಡಿದು ಗೋಲಿನ ಗೆರೆಯ ನಡುವಿನಿಂದ 11 ಮೀಟರ್ ಅಳೆಯಿರಿ, ಸುಣ್ಣದ ಪುಡಿಯ ಡಬ್ಬಿ ಕೈಗೆ ಸಿಗುವಂತಿರಲಿ. ಚೆಂಡಿನ ಒಂದು ಭಾಗವಾದರೂ ಆ ಗುರುತಿನ ನಟ್ಟನಡುವೆ ಮುಟ್ಟಿರಬೇಕು ಅಥವಾ ಅದರ ನೇರ ಮೇಲೆ ಇರಬೇಕು ಎಂದು 2024ರಲ್ಲಿ ಸ್ಪಷ್ಟಪಡಿಸಿದ್ದಾರೆ. ಗುಳಿ ಬಿದ್ದಿದೆ ಎಂದು ಚೆಂಡನ್ನು ಅರ್ಧ ಅಡಿ ಪಕ್ಕಕ್ಕೆ ಸರಿಸಲು ಬಿಡುವಂತಿಲ್ಲ. ಗುಳಿಗೆ ಒಣ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿ. ಇನ್ನೊಂದು ಮಾತು, ಪಂದ್ಯದಲ್ಲಿ ತೋರಿಸಿದ ಹಳದಿ ಕಾರ್ಡ್ ಶೂಟೌಟ್‌ಗೆ ಮುಂದುವರಿಯುವುದಿಲ್ಲ. ಆಟದ ಹೊತ್ತಿನಲ್ಲಿ ಒಂದು ಹಳದಿ, ಶೂಟೌಟ್‌ನಲ್ಲಿ ಇನ್ನೊಂದು ಬಂದರೆ ಕೆಂಪು ಕಾರ್ಡ್ ಅಲ್ಲ.

ವಿಡಿಯೊ ರೆಫ್ರಿ ಕುರಿತ ಬದಲಾವಣೆಗಳು ನಮಗೆ ಬೇಡ. ಕೀಪರ್ ಕೈಯಿಂದ ಎಸೆದ ಚೆಂಡಿಗೆ ಆಫ್‌ಸೈಡ್ ನೋಡುವಾಗ, ಚೆಂಡು ಅವನ ಕೈ ಬಿಟ್ಟ ಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಲೈನ್‌ಮನ್‌ಗಳು ನೆನಪಿಟ್ಟರೆ ಸಾಕು.

ಹಳೆಯ ಬದಲಾವಣೆಗಳೂ ಬಾಕಿ ಇವೆ

ಈ ಭಾಗದ ಪಂದ್ಯಗಳಲ್ಲಿ ನಾನು ಗಮನಿಸಿದಂತೆ, ತಕರಾರು ಹುಟ್ಟುವುದು ಹೊಸ ನಿಯಮದಿಂದ ಅಷ್ಟಾಗಿ ಅಲ್ಲ. 2019ರಲ್ಲಿ ಬದಲಾದದ್ದು ಇನ್ನೂ ತಲೆಗೆ ಇಳಿಯದಿರುವುದರಿಂದ. ಗೋಲ್ ಕಿಕ್ ಪೆನಾಲ್ಟಿ ಜಾಗದ ಹೊರಗೆ ಹೋಗಲೇಬೇಕೆಂದು ಇವತ್ತಿಗೂ ಮತ್ತೆ ಒದೆಸುವವರಿದ್ದಾರೆ. ಚೆಂಡು ಒದೆಸಿಕೊಂಡು ಸ್ಪಷ್ಟವಾಗಿ ಕದಲಿದರೆ ಸಾಕು, ಆಟ ಶುರುವಾಯಿತು. ಟಾಸ್ ಗೆದ್ದವರು ಕಡೆಯನ್ನಷ್ಟೇ ಅಲ್ಲ, ಬೇಕಿದ್ದರೆ ಮೊದಲ ಕಿಕ್ಕನ್ನೂ ಕೇಳಬಹುದು. ಮೂವರು ಅಥವಾ ಹೆಚ್ಚು ಮಂದಿ ಗೋಡೆ ಕಟ್ಟಿದರೆ ದಾಳಿಯ ತಂಡದವರು ಅದರಿಂದ ಒಂದು ಮೀಟರ್ ದೂರ ಇರಬೇಕು. ಬದಲಿಯಾಗಿ ಹೊರಡುವವನು ತನಗೆ ಹತ್ತಿರದ ಗೆರೆಯಿಂದ ಹೊರಹೋಗಬೇಕು. ತಂಡದ ಶಿಕ್ಷಕರಿಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ಇದು ಎಲ್ಲಕ್ಕಿಂತ ಕಷ್ಟದ್ದು, ಎದುರಿಗಿರುವವರು ಅದೇ ತಾಲ್ಲೂಕಿನ ಸಹೋದ್ಯೋಗಿ, ಒಮ್ಮೊಮ್ಮೆ ವಯಸ್ಸಿನಲ್ಲಿ ಹಿರಿಯರು. ಆದ್ದರಿಂದಲೇ ಸಭೆಯಲ್ಲಿ ಎಲ್ಲರ ಎದುರು "ಇದು ನಿಯಮದಲ್ಲಿದೆ, ತೋರಿಸಬೇಕಾದರೆ ತೋರಿಸುತ್ತೇವೆ" ಎಂದು ಒಪ್ಪಂದಕ್ಕೆ ಬಂದಿರಬೇಕು.

ಮೈಮೇಲಿನ ವಸ್ತುಗಳ ವಿಷಯದಲ್ಲಿ ಕೊನೆಯ ಗಳಿಗೆಯಲ್ಲಿ ಮಕ್ಕಳನ್ನು ಅಳಿಸುವುದು ಬೇಡ. ಕಡಗ, ಸರ, ಉಂಗುರ, ಕಿವಿಯೋಲೆ ಯಾವುದೂ ಇರುವಂತಿಲ್ಲ. ಮೇಲೆ ಟೇಪು ಸುತ್ತಿದರೂ ನಡೆಯುವುದಿಲ್ಲ. ಹೊಸದಾಗಿ ಕಿವಿ ಚುಚ್ಚಿಸಿಕೊಂಡ ಹುಡುಗಿಗೆ ಪಂದ್ಯದ ದಿನ ಬೆಳಿಗ್ಗೆ ಓಲೆ ತೆಗೆ ಎಂದರೆ ಅವಳೇನು ಮಾಡಿಯಾಳು? ಒಂದು ತಿಂಗಳು ಮೊದಲು ಮನೆಗೆ ತಿಳಿಸಿ. ತಲೆವಸ್ತ್ರ ಕಟ್ಟಿಕೊಂಡು ಆಡಲು ನಿಯಮದಲ್ಲಿ ಪೂರ್ತಿ ಅವಕಾಶವಿದೆ: ಬಣ್ಣ ಕಪ್ಪು ಅಥವಾ ಅಂಗಿಯ ಮುಖ್ಯ ಬಣ್ಣವೇ ಇರಬೇಕು, ಒಂದೇ ತಂಡದವರು ಒಂದೇ ಬಣ್ಣ ಹಾಕಬೇಕು, ಅಂಗಿಗೆ ಹೊಲಿದಿರಬಾರದು, ಪಿನ್ನಿನಂಥ ಚುಚ್ಚುವ ವಸ್ತು ಇರಬಾರದು. ಕುಡಚಿಯಂಥ ಊರಿನಲ್ಲಿ ಇದು ತಿಳಿಯದೆ ಒಬ್ಬ ಹುಡುಗಿಯನ್ನು ಹೊರಗೆ ನಿಲ್ಲಿಸಿದರೆ ಆಕೆ ಮತ್ತೆ ಗ್ರೌಂಡಿಗೆ ಬರಲಾರಳು. ಶೂ ಮತ್ತು ಶಿನ್‌ಗಾರ್ಡ್ ಕಡ್ಡಾಯ. ಬರಿಗಾಲಿನಲ್ಲಿ ಆಡಿ ಬೆಳೆದ ಮಕ್ಕಳ ಶಾಲೆಗಳಿಗೆ ಈ ಸೂಚನೆ ಜೂನ್‌ನಲ್ಲೇ ಹೋಗಬೇಕು. ದಾನಿಗಳನ್ನೋ ಹಳೆಯ ವಿದ್ಯಾರ್ಥಿಗಳನ್ನೋ ಕೇಳಲು ಮುಖ್ಯ ಗುರುಗಳಿಗೆ ಸಮಯ ಸಿಗುತ್ತದೆ.

ಒಂದು ದಿನದ ತಯಾರಿ ಹೇಗಿರಬೇಕು

ಕ್ರೀಡಾಕೂಟದ ಪೂರ್ವಭಾವಿ ಸಭೆಗಳಲ್ಲಿ ಊಟ, ಪೆಂಡಾಲು, ಪ್ರಮಾಣಪತ್ರ, ಅತಿಥಿಗಳ ಪಟ್ಟಿ ಇವೇ ಹೊತ್ತು ತಿನ್ನುತ್ತವೆ. ನಿಯಮಕ್ಕೆ ಬೇರೆಯೇ ಒಂದು ದಿನ ಇಡಬೇಕು. ಮುಂಜಾನೆ ಒಂದೂವರೆ ಗಂಟೆ ಓದು, ಉಳಿದದ್ದೆಲ್ಲ ಗ್ರೌಂಡು. ನಿಯಮ ತಲೆಯಲ್ಲಿದ್ದರೆ ಸಾಲದು, ಸೀಟಿ ಬಾಯಲ್ಲಿರುವಾಗ ಅದು ನೆನಪಾಗಬೇಕು.

ಬೋರ್ಡಿನ ನಿಯಮಪುಸ್ತಕ ಅದರ ವೆಬ್‌ಸೈಟಿನಲ್ಲೂ ಆ್ಯಪ್‌ನಲ್ಲೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಆ ವರ್ಷದ ಬದಲಾವಣೆಗಳನ್ನು ಒಂದೇ ಕಡೆ ಕೊಟ್ಟಿರುತ್ತಾರೆ, ಹದಿನೇಳೂ ನಿಯಮಗಳನ್ನು ಮೊದಲಿನಿಂದ ಓದಬೇಕಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಶಿಕ್ಷಕರು ಆ ಭಾಗವನ್ನು ಒಂದು ಹಾಳೆಯಲ್ಲಿ ಸರಳವಾಗಿ ಬರೆದುಕೊಡಲಿ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜೊತೆ ಮರಾಠಿ, ಉರ್ದು ಮಾಧ್ಯಮದ ಶಾಲೆಗಳೂ ಇವೆ. ಹಾಳೆ ಮೂರೂ ಭಾಷೆಯಲ್ಲಿರಲಿ, ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಲಿ.

ಗ್ರೌಂಡಿನಲ್ಲಿ ಮಕ್ಕಳ ಎರಡು ತಂಡ ಬೇಕು. ಹತ್ತಿರದ ಶಾಲೆಯ ಮಕ್ಕಳೇ ಸಾಕು, ಅವರಿಗೂ ಕಲಿತಂತಾಗುತ್ತದೆ. ಒಬ್ಬ ಶಿಕ್ಷಕರು ಸೀಟಿ ಹಿಡಿಯುತ್ತಾರೆ, ಇಬ್ಬರು ಬಾವುಟ ಹಿಡಿಯುತ್ತಾರೆ, ಉಳಿದವರು ಹೊರಗೆ ನಿಂತು ಬರೆದುಕೊಳ್ಳುತ್ತಾರೆ. ಆಟ ತನ್ನಷ್ಟಕ್ಕೆ ನಡೆಯಲು ಬಿಡಬೇಡಿ. ಮಕ್ಕಳಿಗೆ ಗುಟ್ಟಾಗಿ ಹೇಳಿಕೊಟ್ಟು ಪ್ರಸಂಗಗಳನ್ನು ಹುಟ್ಟಿಸಿ. ಕೀಪರ್ ಚೆಂಡು ಹಿಡಿದು ಬಿಡದೆ ನಿಲ್ಲಲಿ. ಬದಲಿ ಹುಡುಗ ಒಳಗಿರುವ ಚೆಂಡು ತಡೆಯಲಿ. ಆರು ಮಂದಿ ರೆಫ್ರಿಯನ್ನು ಮುತ್ತಲಿ. ಯಾವಾಗ ಬರುತ್ತದೆಂದು ತಿಳಿಯದೆ ಬಂದ ಪ್ರಸಂಗಕ್ಕೆ ತಕ್ಷಣ ಕೊಟ್ಟ ತೀರ್ಪು ಮರೆಯುವುದಿಲ್ಲ. ಹತ್ತು ಹತ್ತು ನಿಮಿಷಕ್ಕೆ ರೆಫ್ರಿ ಬದಲಾಗಲಿ, ಪ್ರತಿ ಸರದಿಯ ಕೊನೆಗೆ ಎರಡು ನಿಮಿಷ ಚರ್ಚೆ. ದೈಹಿಕ ಶಿಕ್ಷಕಿಯರನ್ನು ಅಂಕ ಬರೆಯುವ ಮೇಜಿಗೆ ಕೂರಿಸುವ ರೂಢಿ ಕೆಲವು ಕಡೆ ಇದೆ. ಅವರ ಕೈಗೂ ಸೀಟಿ ಕೊಡಿ. ಹುಡುಗಿಯರ ಪಂದ್ಯಕ್ಕೆ ಮಾತ್ರವಲ್ಲ, ಹುಡುಗರ ಪಂದ್ಯಕ್ಕೂ.

ಮಳೆಗಾಲದ ರೆಫ್ರಿಗೆ ಪೆನ್ನಿಗಿಂತ ಪೆನ್ಸಿಲ್ ವಾಸಿ, ಒದ್ದೆ ಹಾಳೆಯಲ್ಲೂ ಬರೆಯುತ್ತದೆ. ಪುಟ್ಟ ನೋಟ್‌ಬುಕ್ಕು ಪ್ಲಾಸ್ಟಿಕ್ ಕವರಿನಲ್ಲಿರಲಿ, ಜೇಬಿನಲ್ಲಿ ಇನ್ನೊಂದು ಸೀಟಿ ಇರಲಿ. ಗುಡುಗು ಕೇಳಿದರೆ ಆಟ ನಿಲ್ಲಿಸಿ ಮಕ್ಕಳನ್ನು ಕಟ್ಟಡದೊಳಗೆ ಕಳಿಸಿ, ಮರದ ಕೆಳಗಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಇಳಿಸಬೇಡಿ, ಸಂಘಟಕರು ಎಷ್ಟೇ ಅವಸರ ಮಾಡಲಿ.

ಆಟದ ಸಮಯ, ಚೆಂಡಿನ ಅಳತೆ, ಎಷ್ಟು ಬದಲಿ ಆಟಗಾರರು, ಹೊರಹೋದವನು ಮತ್ತೆ ಬರಬಹುದೇ ಎಂಬ ವಿಷಯಗಳನ್ನು ಮಕ್ಕಳ ಪಂದ್ಯಗಳಿಗೆ ಬೇಕಾದಂತೆ ಹೊಂದಿಸಲು ಅವಕಾಶವಿದೆ. ಅವು ನಿಯಮಪುಸ್ತಕದಲ್ಲಲ್ಲ, ಆಯಾ ಪಂದ್ಯಾವಳಿಯ ಸುತ್ತೋಲೆಯಲ್ಲಿರುತ್ತವೆ. ಇಲಾಖೆಯ ಕ್ರೀಡಾಕೂಟ ಒಂದಾದರೆ ಸುಬ್ರತೋ ಕಪ್ ಇನ್ನೊಂದು. ಸುತ್ತೋಲೆ ಓದದೆ ಗ್ರೌಂಡಿಗೆ ಇಳಿಯಬೇಡಿ. ಒಂದೇ ದಿನ ಹೆಚ್ಚು ಪಂದ್ಯ ಮುಗಿಸಲು ಸಮಯ ಕಡಿತ ಮಾಡುವುದಾದರೆ ಅದು ಪಂದ್ಯ ಆರಂಭವಾಗುವ ಮೊದಲೇ ಎರಡೂ ತಂಡಕ್ಕೆ ತಿಳಿದಿರಬೇಕು, ಎರಡೂ ಅವಧಿ ಸಮನಾಗಿರಬೇಕು. ದ್ವಿತೀಯಾರ್ಧದ ನಡುವೆ "ಇನ್ನೈದು ನಿಮಿಷ ಸಾಕು" ಎಂದು ಮೈಕಿನಲ್ಲಿ ಕೂಗುವುದಕ್ಕೆ ನಿಯಮದಲ್ಲಿ ಜಾಗವಿಲ್ಲ. ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಮಂದಿ ಇದ್ದರೆ ಪಂದ್ಯ ಶುರುವೂ ಆಗುವುದಿಲ್ಲ, ಮುಂದುವರಿಯುವುದೂ ಇಲ್ಲ.

ರೆಫ್ರಿಗಳನ್ನು ನೇಮಿಸುವಾಗ ಹೊಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಗಿ ಕೊಯ್ನಾದಿಂದ ನೀರು ಬಿಟ್ಟರೆ ಕುಡಚಿ–ಉಗಾರ ಸೇತುವೆ ಮುಳುಗುತ್ತದೆ. ಆಚೆ ದಡದ ಕಾಗವಾಡ, ಅಥಣಿ ಕಡೆಯ ಶಿಕ್ಷಕರು ಈಚೆ ಬರಬೇಕೆಂದರೆ ಬಹಳ ಸುತ್ತು ಹಾಕಬೇಕು. 2019ರ ಆಗಸ್ಟ್‌ನ ಪ್ರವಾಹ ಇನ್ನೂ ಎಲ್ಲರ ನೆನಪಿನಲ್ಲಿದೆ. ಆಡುವ ಶಾಲೆಯ ಶಿಕ್ಷಕರೇ ತಮ್ಮ ತಂಡದ ಪಂದ್ಯಕ್ಕೆ ಸೀಟಿ ಹಿಡಿಯಬಾರದು ಎಂದರೆ ಬೇರೆ ತಾಲ್ಲೂಕಿನವರು ಬೇಕು. ಅವರು ಬರಲಾಗದ ದಿನಕ್ಕೆ ಈಚೆ ದಡದಲ್ಲೇ ತರಬೇತಾದ ನಾಲ್ಕಾರು ಮಂದಿ ಇರಬೇಕು. ಆದ್ದರಿಂದ ತಯಾರಿಯ ದಿನವನ್ನು ಎರಡೂ ದಡದಲ್ಲಿ ಬೇರೆ ಬೇ​ರೆಯಾಗಿ ನಡೆಸುವುದು ಒಳ್ಳೆಯದು, ಹೊಳೆ ತುಂಬುವ ಮೊದಲು, ಜೂನ್‌ನ ಕೊನೆಯ ವಾರದೊಳಗೆ.

ಪಂದ್ಯದ ದಿನ ಟಾಸ್‌ಗೆ ಮುಂಚೆ ಎರಡೂ ತಂಡದ ಮಕ್ಕಳನ್ನೂ ಶಿಕ್ಷಕರನ್ನೂ ಒಟ್ಟಿಗೆ ನಿಲ್ಲಿಸಿ ಮೂರು ನಿಮಿಷ ಮಾತಾಡಿ. ಎಂಟು ಸೆಕೆಂಡಿನ ಎಣಿಕೆಯನ್ನು ಕೈ ಎತ್ತಿ ತೋರಿಸಿ. ನಾಯಕ ಮಾತ್ರ ಬರಬೇಕು ಎಂದು ಹೇಳಿ. ಗೆರೆಯ ಬಳಿ ಇರುವವರು ಚೆಂಡು ಮುಟ್ಟಬಾರದು ಎಂದು ಹೇಳಿ. ಪ್ರಶ್ನೆ ಇದ್ದರೆ ಆಗಲೇ ಕೇಳಲಿ. ಹಿಂದಿನ ಪಂದ್ಯದಲ್ಲಿ ಇದನ್ನೇ ಹೇಳಿದ್ದರೂ ಮತ್ತೆ ಹೇಳಿ, ಈ ಮಕ್ಕಳು ಆಗ ಇರಲಿಲ್ಲ.

ತಾಲ್ಲೂಕು ಮಟ್ಟ ಮುಗಿದ ಸಂಜೆ ಸಾಮಾನು ಕಟ್ಟುವ ಮೊದಲು ರೆಫ್ರಿಗಳೆಲ್ಲ ಅರ್ಧ ಗಂಟೆ ಕೂತು, ಎಲ್ಲಿ ಗೊಂದಲವಾಯಿತು, ಯಾವ ತೀರ್ಪಿಗೆ ತಕರಾರು ಬಂತು ಎಂದು ಬರೆದಿಡಿ. ಯಾರು ತಪ್ಪು ಮಾಡಿದರು ಎಂದಲ್ಲ, ಯಾವ ನಿಯಮದಲ್ಲಿ ತೊಡಕು ಬಂತು ಎಂದು. ಆ ಹಾಳೆಯ ಒಂದು ಪ್ರತಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಪಂದ್ಯ ನಡೆಸುವವರಿಗೆ ಮುಂಚಿತವಾಗಿ ತಲುಪಲಿ, ಇನ್ನೊಂದು ಪ್ರತಿ ಮುಂದಿನ ಜೂನ್‌ನ ತರಬೇತಿಗೆ ಕಡತದಲ್ಲಿರಲಿ.